ಘಾಟ್ಕೋಪರ್ ತನಕದ ಸೀಟು

ಯಜ್ಞೇಶ್ವರ ಭಟ್ಟರಿಗೆ ಎರಡು ಸ್ಥಿರಾಸ್ತಿಗಳಿದ್ದವು. ಡೊಂಬಿವಲಿ ಈಸ್ಟಿನಲ್ಲಿ ಒಂದು ಫ್ಲ್ಯಾಟು, ಬೆಳಗಿನ ಲೋಕಲ್ಲಿನಲ್ಲಿ ಒಂದು ಕಿಟಕಿ ಸೀಟು. ಫ್ಲ್ಯಾಟಿಗೆ ಬ್ಯಾಂಕಿನವರು ಸಾಲ ಕೊಟ್ಟಿದ್ದರು. ಸೀಟಿಗೆ ಯಾರೂ ಕೊಟ್ಟಿರಲಿಲ್ಲ. ಅದನ್ನು ಅವರು ಸ್ವಂತ ಮೊಣಕೈಯಿಂದ ಸಂಪಾದಿಸಿದ್ದರು.

ಸಂಪಾದನೆಯ ಕ್ರಮ ಹೀಗೆ. ಮುಂಬಯಿಯ ವಿ.ಟಿ. ಸ್ಟೇಷನ್ನಿನ ಕಡೆ ಹೋಗಬೇಕಾದ ಈ ಮನುಷ್ಯ ಬೆಳಿಗ್ಗೆ ಎದ್ದು ಮೊದಲು ಉಲ್ಟಾ ದಿಕ್ಕಿಗೆ, ಕಲ್ಯಾಣಕ್ಕೆ ಹೋಗುತ್ತಿದ್ದರು. ಕಲ್ಯಾಣದಲ್ಲಿ ಖಾಲಿ ಗಾಡಿ ಪ್ಲಾಟ್‌ಫಾರ್ಮಿಗೆ ಬರುವಾಗ, ಅದು ನಿಲ್ಲುವ ಮೊದಲೇ ಹಾರಿ, ಕಿಟಕಿಯ ಪಕ್ಕ ಕೂತುಬಿಡುತ್ತಿದ್ದರು. ಭಟ್ಟರು ಹತ್ತುವಾಗ ಗಾಡಿ ಇನ್ನೂ ಶೆಡ್ಡಿನಲ್ಲೇ ಇರುತ್ತಿತ್ತು ಎಂದು ಕೆಲವರು ಹೇಳುವುದುಂಟು. ಅಷ್ಟೆಲ್ಲ ಉತ್ಪ್ರೇಕ್ಷೆ ಬೇಡ. ಶೆಡ್ಡಿನ ಗೇಟು ದಾಟಿರುತ್ತಿತ್ತು.

ಈ ಆಸ್ತಿಗೆ ಒಬ್ಬ ಪಾಲುದಾರನಿದ್ದ, ಜಯಶೀಲ ಸುವರ್ಣ. ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ, ಭಟ್ಟರ ಹಾಗೆಯೇ ಉಡುಪಿ ಕಡೆಯವನು, ಅವರಿಗಿಂತ ಹತ್ತು ವರ್ಷ ಚಿಕ್ಕವನು. ಮಗಳನ್ನು ಶಾಲೆಗೆ ಬಿಟ್ಟು ಬರಬೇಕಾದ್ದರಿಂದ ಅವನಿಗೆ ಕಲ್ಯಾಣದ ತನಕ ಉಲ್ಟಾ ಹೋಗಿ ಸೀಟು ಹಿಡಿಯುವ ಭಾಗ್ಯ ಇರಲಿಲ್ಲ. ಡೊಂಬಿವಲಿಯಲ್ಲಿ ಹತ್ತಿ ಭಟ್ಟರ ಮೊಣಕಾಲಿಗೆ ತಾಗಿಕೊಂಡು ನಿಲ್ಲುತ್ತಿದ್ದ. ಘಾಟ್ಕೋಪರ್ ಬಂತೆಂದರೆ ಭಟ್ಟರು ಏಳಬೇಕು, ಜಯಶೀಲ ಕೂರಬೇಕು. ಅರ್ಧ ದಾರಿ ಕೂತವನು ಉಳಿದರ್ಧ ನಿಲ್ಲಬೇಕು ಎಂಬುದು ಆ ಗಾಡಿಯಲ್ಲಿ ದಿನಾ ಜೊತೆಯಾಗಿ ಹೋಗುವ ಗುಂಪುಗಳಲ್ಲೆಲ್ಲ ಇರುವ ರಿವಾಜು. ಸೊಸೈಟಿಯ ಪಾರ್ಕಿಂಗಿಗೆ ಅಣ್ಣತಮ್ಮಂದಿರ ಮೇಲೆ ಕೇಸು ಹಾಕುವ ಜನ ಇಲ್ಲಿ ಮಾತ್ರ ಘಾಟ್ಕೋಪರಿನ ಬೋರ್ಡು ಕಂಡ ಕೂಡಲೇ ಚಕಾರವೆತ್ತದೆ ಎದ್ದು ನಿಲ್ಲುತ್ತಾರೆ. ಭಟ್ಟರೂ ವರ್ಷಾನುಗಟ್ಟಲೆ ಎದ್ದಿದ್ದರು.

ಆ ವರ್ಷ ಶ್ರಾವಣ ಎರಡು ಬಂತು. ಮೊದಲನೆಯದು ಅಧಿಕ ಮಾಸ. ಕನ್ನಡ ಸಂಘದ ಹಾಲಿನಲ್ಲಿ ಊರಿನಿಂದ ಬಂದ ಆಚಾರ್ಯರೊಬ್ಬರು ಪ್ರವಚನ ಮಾಡಿದರು. ಫಲ ಬಯಸಿ ಮಾಡುವ ಯಾವ ಕರ್ಮಕ್ಕೂ ಈ ತಿಂಗಳಲ್ಲಿ ಜಾಗ ಇಲ್ಲ, ಮದುವೆ ಇಲ್ಲ, ಹರಕೆ ಇಲ್ಲ. ಆದರೆ ಏನನ್ನೂ ಬಯಸದೆ ಮಾಡಿದ ಕೆಲಸ ಒಂದೇ ಒಂದು ಇದ್ದರೂ ಸಾಕು, ಅದು ನಡುವೆ ಎಲ್ಲೂ ನಿಲ್ಲದೆ ನೇರವಾಗಿ ಮೇಲಕ್ಕೆ ಹೋಗುತ್ತದೆ ಎಂದರು. ನಡುವೆ ನಿಲ್ಲುವುದಿಲ್ಲ ಎಂದದ್ದೇ ಭಟ್ಟರಿಗೆ ಫಾಸ್ಟ್ ಲೋಕಲ್ ನೆನಪಾಗಿ ವಿಷಯ ಚೆನ್ನಾಗಿ ಮನಸ್ಸಿಗೆ ಹತ್ತಿತು. ಸಾಯುವುದರೊಳಗೆ ಅಂಥದ್ದು ಒಂದು ತನ್ನಿಂದ ಆಗಬೇಕು, ಈ ತಿಂಗಳೇ ಆಗಬೇಕು ಎಂದು ಅಲ್ಲೇ ಕುರ್ಚಿಯಲ್ಲಿ ನಿಶ್ಚಯಿಸಿದರು.

ನಿಮಗೆ ತುಂಬ ಪ್ರಿಯವಾದದ್ದನ್ನು ಬಿಟ್ಟುಕೊಡಿ ಎಂದು ಆಚಾರ್ಯರು ಮುಗಿಸಿದಾಗ ಹಾಲಿನಲ್ಲಿದ್ದ ಹೆಚ್ಚಿನವರು ಹಾಗಲಕಾಯಿ ಬಿಟ್ಟರು. ಆ ತಿಂಗಳು ಡೊಂಬಿವಲಿ ಮಾರ್ಕೆಟ್ಟಿಗೆ ಬಂದ ಹಾಗಲಕಾಯಿ ಕೇಳುವವರಿಲ್ಲದೆ ವಾಪಸು ಬಳ್ಳಿಗೆ ಹೋಗಿ ಕೂತಿತಂತೆ. ಭಟ್ಟರೂ ರಿಕ್ಷಾದಲ್ಲಿ ಹೆಂಡತಿಗೆ ತನ್ನದೂ ಹಾಗಲಕಾಯಿಯೇ ಎಂದರು.

"ಮದುವೆಯಾದ ಮೇಲೆ ನಿಮ್ಮ ಬಟ್ಟಲಿಗೆ ಹಾಗಲಕಾಯಿ ಬಿದ್ದದ್ದುಂಟಾ?" ಎಂದು ವೇದಾವತಿ ಕೇಳಿದರು. "ಹಿಡಿಯದ್ದನ್ನು ಬಿಡುವುದು ಹೇಗೆ?"

"ಮತ್ತೆ ಎಂತ ಬಿಡುವುದು?"

"ನಿಮಗೆ ಪ್ರಿಯವಾದದ್ದು ಒಂದೇ ಉಂಟಲ್ಲ. ಸೀಟು."

ಮಳೆ ನೀರು ರಿಕ್ಷಾದೊಳಗೆ ಹೊಡೆಯುತ್ತಿತ್ತು. ಭಟ್ಟರು ಮನೆ ಬರುವ ತನಕ ಅದರ ಪರದೆ ಹಿಡಿದುಕೊಂಡು ಕೂತರು.

ಮರುದಿನ ಭಟ್ಟರು ಯಥಾಪ್ರಕಾರ ಕಲ್ಯಾಣಕ್ಕೆ ಹೋಗಿ ಸೀಟು ಹಿಡಿದರು. ಡೊಂಬಿವಲಿಯಲ್ಲಿ ಜಯಶೀಲ ಬಂದು ನಿಂತ. ಮುಂದೆ ದಿವಾ. ದಿವಾದಲ್ಲಿ ಯಾರೂ ತಾವಾಗಿ ಹತ್ತುವುದಿಲ್ಲ, ಹಿಂದಿನವರು ತುಂಬಿಸುತ್ತಾರೆ. ಹಾಗೆ ತುಂಬಿಸಲ್ಪಟ್ಟು ಭಟ್ಟರ ಎದುರಿಗೆ ಬಂದು ಬಿದ್ದವನು ಸೈದಪ್ಪ. ಯಾದಗಿರಿ ಕಡೆಯವನು, ರಾತ್ರಿ ಶಿಳ್‌ಫಾಟಾದ ಗೋಡೌನಿನಲ್ಲಿ ವಾಚ್‌ಮನ್, ಹಗಲು ಘಾಟ್ಕೋಪರ್ ದಾಟಿ ಸಿಗುವ ಭಾಯಖಳಾದ ಒಂದು ಕಟ್ಟಡದಲ್ಲಿ ಮತ್ತೆ ವಾಚ್‌ಮನ್. ಕಣ್ಣು ಎರಡು ಕೆಂಡದ ಉಂಡೆ. ಭಟ್ಟರು ಎದ್ದು ಕೈ ತೋರಿಸಿದರು.

ಸೈದಪ್ಪ ಮೊದಲು ಸೀಟಿನ ಅಡಿ ನೋಡಿದ. ಆಮೇಲೆ ಅಂಗೈಯಿಂದ ಒತ್ತಿ ಒದ್ದೆ ಇದೆಯೇ ಎಂದು ನೋಡಿದ. ಕೊನೆಗೆ ಭಟ್ಟರನ್ನು ನೋಡಿದ.

"ಏನ್ ಬೇಕಾಗಿತ್ರೀ ನಿಮಗ?"

ಏನೂ ಬೇಡ ಎಂದರು ಭಟ್ಟರು. ಏನೂ ಬೇಡದವನನ್ನು ಆ ಲೈನಿನಲ್ಲಿ ಯಾರೂ ಕಂಡಿರಲಿಲ್ಲವಾದ್ದರಿಂದ ಅಕ್ಕಪಕ್ಕದವರು ತಮ್ಮ ತಮ್ಮ ಬ್ಯಾಗುಗಳನ್ನು ಎದೆಗೆ ಒತ್ತಿಕೊಂಡರು. ಸೈದಪ್ಪ ಕೂತ. ಅವನ ಬೆನ್ನು ಸೀಟಿಗೆ ತಾಗುವ ಮೊದಲೇ ನಿದ್ದೆ ತಾಗಿತು.

ಅದು ಎಂಥ ನಿದ್ದೆ ಎಂದು ಇಲ್ಲೇ ಹೇಳಿಬಿಡಬೇಕು. ಪಾರ್ಸಿಕ್ ಸುರಂಗದಲ್ಲಿ ಗಾಡಿ ಹಾರನ್ ಹೊಡೆದರೆ ಅವನು ಅದಕ್ಕೆ ಶ್ರುತಿ ಸೇರಿಸಿ ಗೊರಕೆ ಹೊಡೆಯುತ್ತಿದ್ದ. ಒಮ್ಮೆ ಅವನ ತಲೆಯ ಮೇಲೆಯೇ ಇಬ್ಬರು ಕಾಲರ್ ಹಿಡಿದು ಹೊಡೆದಾಡಿದರು. ಅದರಲ್ಲಿ ಒಂದು ಏಟು ಅವನಿಗೂ ಬಿತ್ತು, ಅವನು ಮಗ್ಗುಲು ಬದಲಿಸಿದ ಅಷ್ಟೇ. ಇನ್ನೊಮ್ಮೆ ಟಿಕೆಟ್ ಚೆಕ್ ಮಾಡಲು ಬಂದವರು ಅವನ ಪಾಸು ಬಿಟ್ಟು ನಾಡಿ ಚೆಕ್ ಮಾಡಿ ಹೋದರು. ಇಂಥ ಸೈದಪ್ಪ ಘಾಟ್ಕೋಪರಿನಲ್ಲಿ ಏಳುವ ಪ್ರಶ್ನೆಯೇ ಇರಲಿಲ್ಲ. ಭಾಯಖಳಾದಲ್ಲಿ ಮಾತ್ರ, ಯಾರೋ ಒಳಗಿನಿಂದ ಸ್ವಿಚ್ಚು ಹಾಕಿದಂತೆ ಎದ್ದು ಇಳಿದು ಹೋಗುತ್ತಿದ್ದ.

ಆ ಮೊದಲ ದಿನ ಸಂಜೆ ಭಟ್ಟರು ಮನೆಯಲ್ಲಿ ವರದಿ ಒಪ್ಪಿಸಿದರು. ವೇದಾವತಿ ಸಂತೋಷಪಟ್ಟರು. ಅದು ಒಂದೇ ದಿನದ ಸಂತೋಷ. ಮರುದಿನ ಸೈದಪ್ಪ ಒಂದು ಗಂಟು ತಂದು ಭಟ್ಟರ ಕೈಗೆ ತುರುಕಿದ. ಒಳಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಭಟ್ಟರು ಬೇಡವೆಂದು ವಾದಿಸುವಷ್ಟರಲ್ಲಿ ಅವನು ನಿದ್ದೆಗೆ ಇಳಿದಾಗಿತ್ತು. ಮಲಗಿದವನ ಹತ್ತಿರ ವಾದ ಹೇಗೆ ಮಾಡುವುದು?

"ಇವತ್ತು ಆಯ್ತಾ?" ಎಂದರು ವೇದಾವತಿ ಸಂಜೆ.

"ಆಗ್ಲಿಲ್ಲ. ಅವ ರೊಟ್ಟಿ ಕೊಟ್ಟ."

"ತಿಂದ್ರಾ?"

"ತಿಂದೆ."

"ಹೇಗಿತ್ತು?"

"ಲಾಯ್ಕಿತ್ತು."

"ಹಾಗಾದ್ರೆ ಹೋಯ್ತು," ಎಂದು ವೇದಾವತಿ ಕುಕ್ಕರಿನ ಕಡೆ ತಿರುಗಿದರು.

ಅಲ್ಲಿಂದ ಭಟ್ಟರ ಕಷ್ಟ ಶುರುವಾಯಿತು. ಅವರು ಸೀಟು ಬಿಟ್ಟಷ್ಟೂ ಅದರ ಬೆನ್ನಿಗೆ ಏನಾದರೊಂದು ಫಲ ಬಂದು ಅಂಟಿಕೊಳ್ಳುತ್ತಿತ್ತು. ಯಾರೋ ವಿಡಿಯೋ ಮಾಡಿ ವಾಟ್ಸಪ್ಪಿಗೆ ಬಿಟ್ಟರು. ಅದು ಲೈನಿನ ತುದಿಯ ಕಸಾರಾ ತನಕ ಹೋಗಿ, ಬೇರೆ ಡಬ್ಬಿಯವರು ದಾದರಿನಲ್ಲಿ ಇಳಿದು ಬಂದು ಭಟ್ಟರನ್ನು ನೋಡಿ ಹೋಗತೊಡಗಿದರು. ಭಟ್ಟರು ದಿನಾ ಹೋಗುವ ಗುಂಪಿಗೆ ಮುಖಂಡನಂತಿದ್ದ ಮನೀಶ, ಬಟ್ಟೆ ಅಂಗಡಿಯ ಮನುಷ್ಯ, ಅವರಿಗೆ ಸೀಟ್‌ಬಾಬಾ ಎಂದು ಹೆಸರಿಟ್ಟ. ಒಬ್ಬ ಮಗನ ಜಾತಕ ತಂದ. ಇನ್ನೊಬ್ಬ ನೂಕುನುಗ್ಗಲಿನಲ್ಲಿ ಬಗ್ಗಲು ಜಾಗ ಇಲ್ಲದೆ ಭಟ್ಟರ ಪಾದ ಎಂದುಕೊಂಡು ಬೇರೆ ಯಾರದೋ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಆ ಪಾದದ ಯಜಮಾನ ಆಶೀರ್ವಾದವನ್ನೂ ಮಾಡಿದ.

ಹೊಗಳಿಕೆ ತಪ್ಪಿಸಲು ಭಟ್ಟರು ಒರಟಾಗಿ ನಡೆದುಕೊಂಡು ನೋಡಿದರು. ಸೈದಪ್ಪ ಬಂದಾಗ ಮುಖ ಗಂಟಿಕ್ಕಿ, ಕೂತು ಸಾಯಿ ಎಂಬ ಅರ್ಥದ ಏನನ್ನೋ ಗೊಣಗಿ ಎದ್ದರು. ಅದನ್ನು ಕಂಡು ಡಬ್ಬಿಯಲ್ಲಿ ಅವರ ಬೆಲೆ ಇನ್ನೂ ಏರಿತು. ನಿಜವಾದ ಸಾಧುಗಳಿಗೆ ಸಿಟ್ಟು ಜಾಸ್ತಿಯಂತೆ.

ಅಧಿಕ ಮಾಸ ಕರಗುತ್ತಿತ್ತು. ಭಟ್ಟರಿಗೆ ದಿನಾ ನಿಂತು ನಿಂತು ಕಾಲಿನ ನರ ಉಬ್ಬಿತು. ಮನೆಗೆ ಬಂದರೆ ವೇದಾವತಿ ಅದೇ ಪ್ರಶ್ನೆ ಕೇಳುತ್ತಿದ್ದರು, ಭಟ್ಟರು ಅದೇ ಉತ್ತರ ಕೊಡುತ್ತಿದ್ದರು. ಆಗ್ಲಿಲ್ಲ. ಇಡೀ ಲೋಕ ಸಂಬಳಕ್ಕೆ, ಬಡ್ತಿಗೆ, ಸ್ವರ್ಗಕ್ಕೆ ಒದ್ದಾಡಿ ಸಿಗದೆ ಸಾಯುತ್ತದೆ. ತಾನು ಏನೂ ಸಿಗದಿರಲಿ ಎಂದು ಒದ್ದಾಡಿದರೆ ಅದೂ ಸಿಗುವುದಿಲ್ಲವಲ್ಲ ಎಂದು ಅವರು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಹಲ್ಲು ಕಡಿದರು.

ಈ ಗಡಿಬಿಡಿಯಲ್ಲಿ ಜಯಶೀಲನ ಮುಖವನ್ನು ಅವರು ಸರಿಯಾಗಿ ನೋಡಲೇ ಇಲ್ಲ. ಮೊದಲ ದಿನಗಳಲ್ಲಿ ಅವನು ಘಾಟ್ಕೋಪರಿನಲ್ಲಿ ಒಮ್ಮೆ ಮಲಗಿದ ಸೈದಪ್ಪನನ್ನು, ಒಮ್ಮೆ ಭಟ್ಟರನ್ನು ನೋಡುತ್ತಿದ್ದ. ಭಟ್ಟರು ಅದನ್ನು ತನ್ನ ತ್ಯಾಗಕ್ಕೆ ಸಂದ ಮೆಚ್ಚುಗೆ ಎಂದು ತಿಳಿದು, ಇದೂ ಒಂದು ಫಲ ಬಂತಲ್ಲ ಎಂದು ಅವನ ಮೇಲೂ ಬೇಸರಪಟ್ಟುಕೊಂಡಿದ್ದರು. ಆಮೇಲೆ ಅವನು ಬರುವುದೇ ನಿಂತಿತು. ರಜೆ ಇರಬೇಕು ಎಂದುಕೊಂಡರು.

ಒಂದು ದಿನ ಮನೀಶನೇ ಹಿಂದಿಯಲ್ಲಿ ಹೇಳಿದ. ಜಯಶೀಲನ ಬೆನ್ನಿನ ಮಣಿ ಜರುಗಿದೆ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದಾನೆ, ಈಗ ಸ್ಲೋ ಗಾಡಿಯಲ್ಲಿ ಬಾಗಿಲ ಕಂಬಕ್ಕೆ ಒರಗಿ ಇಡೀ ದಾರಿ ನಿಂತು ಹೋಗುತ್ತಾನೆ, ಬಾಬಾ ತನ್ನ ಭಕ್ತನನ್ನು ಬಿಟ್ಟು ಬೇರೆಯವರನ್ನೆಲ್ಲ ಉದ್ಧಾರ ಮಾಡಿದರು ಅಂತ ಗುಂಪಿನಲ್ಲಿ ಮಾತಾಗಿದೆ. ಭಟ್ಟರು ಸಂಜೆ ನೇರ ಜಯಶೀಲನ ಮನೆಗೆ ಹೋದರು.

ಬಾಗಿಲು ತೆಗೆದವಳು ಅವನ ಹೆಂಡತಿ ರತ್ನಾವತಿ. ಯಾವಾಗಲೂ ನಗುನಗುತ್ತ ಚಾ ಇಡುವವಳು ಆ ದಿನ ಬನ್ನಿ ಎಂದಷ್ಟೇ ಹೇಳಿ ಒಳಗೆ ಹೋದಳು. ಜಯಶೀಲ ಹಾಲಿನ ನಡುವೆ ಚಾಪೆಯ ಮೇಲೆ ಅಂಗಾತ ಬಿದ್ದಿದ್ದ. ಏಳಲು ಹೋಗಿ ಮುಖ ಕಿವುಚಿ ಮತ್ತೆ ಮಲಗಿದ. ಭಟ್ಟರು ಪಕ್ಕದಲ್ಲಿ ನೆಲಕ್ಕೆ ಕೂತರು. ಇಬ್ಬರೂ ತುಳುವಿನಲ್ಲೇ ಮಾತಾಡುವವರು. ಆ ದಿನ ಜಯಶೀಲ ಕನ್ನಡದಲ್ಲಿ ಮಾತಾಡಿದ, ಆಫೀಸಿನವರ ಹತ್ತಿರ ಮಾತಾಡುವ ಹಾಗೆ.

ಹೇಳಬಹುದಿತ್ತಲ್ಲ ಎಂದು ಭಟ್ಟರು ಆಕ್ಷೇಪಿಸಿದರು. ತಾನೇನು ಸ್ವಾರ್ಥಕ್ಕೆ ಮಾಡಿದ್ದಲ್ಲ, ಅಧಿಕ ಮಾಸ, ಆಚಾರ್ಯರು ಹೇಳಿದ್ದರು, ಫಲದ ಆಸೆ ಬಿಟ್ಟು ಒಂದು ಕೆಲಸ ಮಾಡಬೇಕೆಂದು ಸೀಟು ಬಿಟ್ಟದ್ದು ಎಂದೆಲ್ಲ ವಿವರಿಸಿದರು. ಜಯಶೀಲ ಫ್ಯಾನು ನೋಡುತ್ತ ಎಲ್ಲ ಕೇಳಿದ.

"ಭಟ್ರೇ, ಘಾಟ್ಕೋಪರ್ ತನಕ ಆ ಸೀಟು ನಿಮ್ಮದು. ಅಲ್ಲಿಂದ ಆಚೆ ನನ್ನದು. ಹೌದಾ?"

"ಹೌದು."

"ನೀವು ಫಲ ಬಿಟ್ಟೆ ಅಂತ ಹೇಳ್ತೀರಿ. ಬಿಟ್ಟದ್ದು ನನ್ನ ಫಲ ಅಲ್ವಾ?"

ಭಟ್ಟರು ಬಾಯಿ ತೆರೆದರು. ಒಳಗೆ ರತ್ನಾವತಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಆಕೆಯೂ ಉತ್ತರಕ್ಕೆ ಕಾಯುತ್ತಿದ್ದಿರಬೇಕು.

"ನನ್ನನ್ನು ಒಂದು ಮಾತು ಕೇಳಿದ್ರೆ ನಾನೇ ಬಿಡ್ತಿದ್ದೆನೋ ಏನೋ," ಎಂದ ಜಯಶೀಲ. "ಕೇಳ್ಲಿಲ್ಲ ನೀವು. ನಿಮಗೆ ನಾನು ಕಾಣ್ಲೇ ಇಲ್ಲ."

ಚಾ ಬರಲಿಲ್ಲ. ಭಟ್ಟರು ಎದ್ದು ಬಂದರು.

ಮನೆಗೆ ಬಂದು ಅವರು ಮೊದಲು ಆಚಾರ್ಯರ ಮೇಲೆ, ಆಮೇಲೆ ಸೈದಪ್ಪನ ಮೇಲೆ, ಕೊನೆಗೆ ಹೆಂಡತಿಯ ಮೇಲೆ ಸಿಟ್ಟಾದರು. ಸೀಟು ಬಿಡಿ ಅಂತ ಹೇಳಿದ್ದು ಯಾರು? ಈಗ ಕೊಟ್ಟದ್ದನ್ನು ವಾಪಸು ಕಸಿದುಕೊಂಡರೆ ದತ್ತಾಪಹಾರದ ದೋಷ. ಕಸಿದುಕೊಳ್ಳದಿದ್ದರೆ ಜಯಶೀಲನ ಬೆನ್ನು. ಅತ್ತ ಹೋದರೂ ನರಕ, ಇತ್ತ ಹೋದರೂ ನರಕ, ನಡುವೆ ನಿಲ್ಲಲು ಕಾಲಿನ ನರ ಬಿಡುವುದಿಲ್ಲ. ವೇದಾವತಿ ಬೀನ್ಸು ಮುರಿಯುವುದನ್ನು ನಿಲ್ಲಿಸದೆ ಕೇಳಿದರು.

"ನಿಮ್ಮ ಅರ್ಧ ನೀವು ಕೊಡಿ. ಜಯಶೀಲರ ಅರ್ಧ ಅವರಿಗೆ ಬಿಡಿಸಿ ಕೊಡಿ. ಅದರಲ್ಲೆಂತ ವೇದಾಂತ?"

"ಆ ಸೈದಪ್ಪ ಏಳುವುದಿಲ್ಲ ಮಾರಾಯ್ತಿ. ಹೆಣದ ಹಾಗೆ ಮಲಗ್ತಾನೆ."

"ಎಬ್ಬಿಸಿ."

"ಎರಡು ಡ್ಯೂಟಿ ಮಾಡಿ ಮಲಗಿದವನನ್ನು ಎಬ್ಬಿಸಿದ್ರೆ ಪಾಪ ಬರುದಿಲ್ವಾ?"

"ಬರ್ಲಿ. ಪಾಪವೂ ಫಲವೇ ಅಲ್ವಾ? ಅದನ್ನೂ ಲೆಕ್ಕಕ್ಕೆ ಹಿಡೀಬೇಡಿ."

ಸಂಘದವರು ಆಚಾರ್ಯರಿಗೆ ಊರಿನಿಂದ ಬರುವ ಖರ್ಚು ಸುಮ್ಮನೆ ಕೊಟ್ಟರು ಅಂತ ಭಟ್ಟರಿಗೆ ಅನ್ನಿಸಿತು. ಜಯಶೀಲನಿಗೆ ಫೋನು ಮಾಡಿ, ನಾಳೆಯಿಂದ ಮೊದಲಿನ ಗಾಡಿಗೇ ಬಾ, ಘಾಟ್ಕೋಪರಿನಿಂದ ಸೀಟು ನಿನ್ನದು, ಅದು ನನ್ನ ಜವಾಬ್ದಾರಿ ಎಂದರು. ನೋಡುವ ಎಂದ ಅವನು.

ಮರುದಿನ ಅವನು ಬಂದ. ದಿವಾದಲ್ಲಿ ಸೈದಪ್ಪನೂ ಬಂದು ಬಿದ್ದ. ಸೀಟು ಕೊಡುವ ಮೊದಲೇ ಭಟ್ಟರು ಅವನಿಗೆ ಎಲ್ಲ ವಿವರಿಸಿದರು. ಇಲ್ಲಿಂದ ಘಾಟ್ಕೋಪರ್ ತನಕ ಮಾತ್ರ ಕೊಡುವ ಹಕ್ಕು ತನಗಿರುವುದು, ಆಮೇಲಿನದು ಈ ಪಟ್ಟಿ ಕಟ್ಟಿಕೊಂಡವರದು, ಅವರ ಬೆನ್ನು ನೋಡು. ಸೈದಪ್ಪ ಆತ್ರೀ, ಆತ್ರೀ ಎಂದ. ಎರಡನೆಯ ಆತ್ರೀ ಅರ್ಧಕ್ಕೆ ಗೊರಕೆಯಾಯಿತು.

ಘಾಟ್ಕೋಪರ್ ಬಂತು. ಭಟ್ಟರು ಭುಜ ತಟ್ಟಿದರು. ಭುಜ ಹಿಡಿದು ಅಲ್ಲಾಡಿಸಿದರು. ಅಲ್ಲಾಡಿಸಿದ್ದಕ್ಕೆ ಸೀಟಿನಲ್ಲಿದ್ದ ಮೂವರೂ ಅಲ್ಲಾಡಿದರು. ಸೈದಪ್ಪನೊಬ್ಬ ಸ್ಥಿರ. ಕಿವಿಯಲ್ಲಿ ಕೂಗಿದರು, ಮುಂದಿನ ಡಬ್ಬಿಯಲ್ಲಿ ಇಬ್ಬರು ಎದ್ದು ನಿಂತರು. ಕೊನೆಗೆ ಕೊಡೆಯಿಂದ ಮಳೆ ನೀರನ್ನು ಅವನ ಕತ್ತಿಗೆ ತೊಟ್ಟಿಕ್ಕಿಸಿದ ಮೇಲೆ ಒಂದು ಕಣ್ಣು ತೆರೆಯಿತು.

"ಯಾಕ್ರೀ?"

"ಘಾಟ್ಕೋಪರ್. ಏಳಿ."

ಸೈದಪ್ಪ ಇನ್ನೊಂದು ಕಣ್ಣನ್ನೂ ತೆರೆದ. ಅದರಲ್ಲಿ ಇಷ್ಟು ದಿನ ಇದ್ದ ಭಕ್ತಿ ಎಲ್ಲಿ ಹುಡುಕಿದರೂ ಇರಲಿಲ್ಲ.

"ನಿದ್ದಿ ಆಕ್ಕತಿ ಅಂತ ನಂಬಿ ಸಂಜಿಕಿ ಮೂರನೇದ್ ಡ್ಯೂಟಿ ಹಿಡದೀನ್ರೀ ನಾ. ಎಬ್ಬಸೂದಿತ್ತಂದ್ರ ಮೊದಲ ಯಾಕ ಕುಂದ್ರಿಸಿದ್ರಿ?"

ಸೈದಪ್ಪ ಎದ್ದು, ಕಂಬಿ ಹಿಡಿದು, ಅವರ ಕಡೆ ಬೆನ್ನು ಮಾಡಿ ನಿಂತ. ಜಯಶೀಲ ಸೊಂಟ ಹಿಡಿದುಕೊಂಡು ನಿಧಾನವಾಗಿ ಕೂತು ಕಣ್ಣು ಮುಚ್ಚಿದ. ತನ್ನದೇ ಸೀಟಿನಲ್ಲಿ ಕೂತವನು ಯಾರಿಗೆ ಏನೆಂದು ಹೇಳುವುದು? ಡಬ್ಬಿಯವರು ಮಾತ್ರ ಹೇಳಿದರು, ಬಡವನಿಗೆ ಕೊಟ್ಟ ಹಾಗೆ ಮಾಡಿ ತನ್ನ ಗೆಳೆಯನಿಗೆ ಸೀಟು ಕೊಡಿಸಿದ ಢೋಂಗಿ ಬಾಬಾ ಅಂತ. ಜಾತಕದವನು ಬಂದು ಜಾತಕ ವಾಪಸು ಇಸಿದುಕೊಂಡ. ರೊಟ್ಟಿ ನಿಂತಿತು.

ದಿನಾ ಇದೇ ಆಯಿತು. ದಿವಾದಲ್ಲಿ ಕೂರಿಸುವುದು, ಘಾಟ್ಕೋಪರಿನಲ್ಲಿ ಎಬ್ಬಿಸುವುದು. ಎಬ್ಬಿಸುವ ಕೆಲಸ ಥಾಣೆ ದಾಟುವಾಗಲೇ ಶುರು ಮಾಡಿದರೆ ಮಾತ್ರ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ಕಲ್ಯಾಣದ ತನಕ ಉಲ್ಟಾ ಹೋಗಿ, ಮೊಣಕೈಯಿಂದ ಕಾದಾಡಿ ಹಿಡಿದ ಸೀಟಿನಲ್ಲಿ ಭಟ್ಟರು ಕೂರುತ್ತಿದ್ದದ್ದು ದಿವಾ ಬರುವ ತನಕ. ಆಮೇಲೆ ವಿ.ಟಿ.ಯ ತನಕ ಒಬ್ಬನ ಬೈಗುಳ, ಇನ್ನೊಬ್ಬನ ಮೌನ, ಊರವರ ಕುಹಕ. ಅಧಿಕ ಮಾಸದ ಕೊನೆಯ ದಿನ ಅವರು ಚಪ್ಪಲಿ ಕಳಚುವ ಮೊದಲೇ ಹೆಂಡತಿಯನ್ನು ಕರೆದರು.

"ಈಗ ಯಾರೂ ಏನೂ ಕೊಡುದಿಲ್ಲ. ನಮಸ್ಕಾರ ಸಹ ಇಲ್ಲ. ಈಗ ಆಯ್ತಲ್ವಾ?"

"ನೀವು ಕೇಳುವಾಗ ಹೋಯ್ತು," ಎಂದರು ವೇದಾವತಿ.

ಭಟ್ಟರು ಬಾಗಿಲಲ್ಲೇ ಕೂತುಬಿಟ್ಟರು. ವೇದಾವತಿಗೂ ಪಾಪ ಅನ್ನಿಸಿರಬೇಕು, ನಾಳೆಯಿಂದ ನಿಜ ಶ್ರಾವಣ, ವ್ರತ ಮುಗಿಯಿತು, ನಿಮ್ಮ ಸೀಟಲ್ಲಿ ನೀವು ಆರಾಮ ಕೂತುಕೊಳ್ಳಿ ಎಂದು ಸಮಾಧಾನ ಹೇಳಿದರು.

ಮರುದಿನ ಭಟ್ಟರು ಆ ನಿರ್ಧಾರದಲ್ಲೇ ಸೀಟಿಗೆ ಗಟ್ಟಿಯಾಗಿ ಅಂಟಿ ಕೂತರು. ದಿವಾದಲ್ಲಿ ಸೈದಪ್ಪ ಬಂದು ಎದುರಿಗೆ ನಿಂತ. ಕೇಳಲಿಲ್ಲ, ನೋಡಲೂ ಇಲ್ಲ. ಕಣ್ಣು ಆಗಲೇ ಮುಚ್ಚಿತ್ತು, ತಲೆ ಕಿಟಕಿಯ ಕಡೆ ವಾಲಿತ್ತು. ಮೆದುಳು ಕೂತಿರು ಎಂದು ಹೇಳುತ್ತಿದ್ದಂತೆಯೇ ಭಟ್ಟರ ಕಾಲುಗಳು ಎದ್ದು ನಿಂತವು. ಕಾಲಿನ ಮೇಲೆ ಅವರಿಗೆ ಬಂದ ಕೋಪ ಹೇಳಿ ಸುಖವಿಲ್ಲ.

ಫಲ ಬೇಡಲು ಈಗ ಅಡ್ಡಿಯಿಲ್ಲವಾದ್ದರಿಂದ ಭಾನುವಾರ ಅವರು ಟಿಟ್ವಾಳಾದ ಗಣಪತಿಗೆ ಹೋದರು. ಕ್ಯೂ ದೊಡ್ಡದಿತ್ತು. ತುದಿಯಲ್ಲಿದ್ದವರಿಗೆ ಪ್ರಸಾದಕ್ಕಿಂತ ಮೊದಲು ಬಿ.ಪಿ. ಗುಳಿಗೆಯ ಹೊತ್ತು ಬರುತ್ತಿತ್ತು. ಆ ಹೊತ್ತಿಡೀ ಭಟ್ಟರು ಏನು ಬೇಡುವುದೆಂದು ಯೋಚಿಸಿದರು. ಮಗನಿಗೆ ಕೆಲಸ, ತನಗೆ ಮೋಕ್ಷ, ಸೊಸೈಟಿಗೆ ನೀರು, ಬೇಕಾದಷ್ಟು ಇದ್ದವು. ಮೂರ್ತಿಯ ಎದುರು ಬಂದಾಗ, ಹಿಂದಿನಿಂದ ಚಲಾ ಚಲಾ ಎಂದು ದೂಡುವಾಗ, ಬಾಯಿಗೆ ಬಂದದ್ದು ಒಂದೇ. ಸೈದಪ್ಪನಿಗೆ ಘಾಟ್ಕೋಪರಿನಲ್ಲಿ ತಾನಾಗಿ ಎಚ್ಚರವಾಗಲಿ.

ಸೋಮವಾರ. ಕಾಂಜೂರ್ ಹೋಯಿತು, ವಿಕ್ರೋಳಿ ಹೋಯಿತು. ಭಟ್ಟರು ಕೈ ಕಟ್ಟಿಕೊಂಡು, ಮುಟ್ಟದೆ, ಕರೆಯದೆ, ಸೈದಪ್ಪನ ಮುಚ್ಚಿದ ಕಣ್ಣುಗಳನ್ನೇ ನೋಡುತ್ತ ನಿಂತರು. ಘಾಟ್ಕೋಪರಿನ ಪ್ಲಾಟ್‌ಫಾರ್ಮು ಕಿಟಕಿಯಲ್ಲಿ ಸರಿಯತೊಡಗಿತು. ಜಯಶೀಲ ಸೊಂಟದ ಪಟ್ಟಿ ಸರಿಮಾಡಿಕೊಂಡು ಭಟ್ಟರ ಮುಖ ನೋಡಿದ, ಏನು ಮಾರಾಯ್ರೆ ಇವತ್ತು ನನ್ನ ಸೀಟಿಲ್ವಾ ಎಂಬಂತೆ. ಭಟ್ಟರು ಉಸಿರು ಬಿಟ್ಟು, ಬಗ್ಗಿ, ಭುಜಕ್ಕೆ ಕೈ ಹಾಕಿದರು.

"ಸೈದಪ್ಪಾ, ಏಳಿ."

"ಐದ್ ಮಿನಿಟ್ರೀ," ಎಂದ ಸೈದಪ್ಪ ಕಣ್ಣು ತೆರೆಯದೆ.